ಮೊಲದ ತಲೆ ಒಂದೇ ಕಡೆ ವಾಲಿದೆ, ಯಾರಿಗಾದರೂ ಅನುಭವ ಇದೆಯಾ?

ನಮ್ಮ ಮೊಲಕ್ಕೆ 3 ವರ್ಷ, ಜೋಲುಕಿವಿಯದು. 15 ದಿನದಿಂದ ಬಲಗಿವಿ ಕೆರೆದುಕೊಳ್ಳುತ್ತಿತ್ತು. ನಿನ್ನೆ ಬೆಳಗ್ಗೆ ನೋಡಿದರೆ ತಲೆ ಬಲಕ್ಕೆ ವಾಲಿದೆ, ನಿಲ್ಲಲು ಹೋದರೆ ಉರುಳುತ್ತದೆ. ಡಾಕ್ಟರು ನಡುಕಿವಿಯ ಸೋಂಕು ಎಂದು ಮಾತ್ರೆ ಬರೆದಿದ್ದಾರೆ. ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

*

ಮೊದಲು ಆ ಎಣ್ಣೆ ಕಿವಿಗೆ ಬಿಡದೆ ಎತ್ತಿಡಲು ಅಮ್ಮನಿಗೆ ಹೇಳಿ. ಕಿವಿ ತಮಟೆ ಹರಿದಿದ್ದರೆ ಬಿಟ್ಟದ್ದೆಲ್ಲ ನೇರ ಒಳಕ್ಕೆ ಹೋಗುತ್ತದೆ. ಡಾಕ್ಟರು ಒಳಗೆ ನೋಡಿ ಹೇಳುವ ತನಕ ಹನಿ ಔಷಧಿಯೂ ಬೇಡ.

ನಮ್ಮದೂ ಜೋಲುಕಿವಿಯದೇ. ಕಿವಿ ಬುಡದಲ್ಲೇ ಮಡಚಿಕೊಂಡಿರುತ್ತಲ್ವಾ, ಗಾಳಿ ಆಡುವುದಿಲ್ಲ, ಗುಗ್ಗೆ ಒಳಗೇ ಕಟ್ಟಿಕೊಳ್ಳುತ್ತದೆ. ಕೆಲವಕ್ಕೆ ನೆಗಡಿಯಿಂದಲೂ ಬರುತ್ತದೆ, ಮೂಗಿನ ಹಿಂದಿನ ಕೊಳವೆಯಿಂದ ರೋಗಾಣು ಕಿವಿಗೆ ಏರುತ್ತದೆ. ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿದೆಯಾ ನೋಡಿ. ಮೂಗು ಒರೆಸಿಕೊಂಡ ಗುರುತು ಅದು.

ನಮ್ಮನ್ನು ಸೋಲಿಸಿದ್ದು ಕೀವು. ಮೊಲದ ಕೀವು ನೀರಾಗಿ ಸೋರುವುದಿಲ್ಲ, ಟೂತ್‌ಪೇಸ್ಟ್ ಥರ ಗಟ್ಟಿ. ಔಷಧಿ ಅದರೊಳಕ್ಕೆ ಇಳಿಯುವುದೇ ಕಷ್ಟ. 10 ದಿನಕ್ಕೆ ಲವಲವಿಕೆ ಬಂತು ಅಂತ ನಾನೇ ಜಾಣತನ ಮಾಡಿ ಔಷಧಿ ನಿಲ್ಲಿಸಿದೆ. 3 ವಾರಕ್ಕೆ ಮತ್ತೆ ಉರುಳಾಟ. ಎರಡನೇ ಸಲ ಪೂರ್ತಿ 8 ವಾರ ಕೊಟ್ಟೆವು. ಈಗಲೂ ತಲೆ ಚೂರು ವಾರೆ, ಯಾರದೋ ಗುಟ್ಟು ಕೇಳಿಸಿಕೊಳ್ಳುವವನ ಹಾಗೆ ಕೂತಿರುತ್ತಾನೆ. ಓಡಾಟ, ತಿನ್ನಾಟಕ್ಕೆ ಏನೂ ಕೊರತೆಯಿಲ್ಲ.

ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಅಮಾಕ್ಸಿಸಿಲಿನ್ ಅಥವಾ ಕ್ಲಿಂಡಾಮೈಸಿನ್ ಆಗಿದ್ದರೆ ಬಾಯಿಗೆ ಹಾಕುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ನಾಯಿ, ಬೆಕ್ಕಿಗೆ ನಡೆಯುವ ಇವು ಮೊಲದ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಕೊಲ್ಲುತ್ತವೆ. ಭೇದಿ ಹತ್ತಿ ಜೀವವೇ ಹೋಗಬಹುದು. ನಮಗೆ ಕೊಟ್ಟದ್ದು ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್.

ಇನ್ನು ಹೊಟ್ಟೆ. ತಲೆ ಸುತ್ತುತ್ತಿರುವ ಮೊಲ ತಿನ್ನುವುದು ಬಿಡುತ್ತದೆ, ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲುವ ಭಯ. ನಾನು ಪೆಲೆಟ್ (ಮೊಲದ ಒಣ ತಿನಿಸಿನ ಗುಳಿಗೆ) ನೆನೆಸಿ, ಕಿವುಚಿ, ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದೆ. ಮಲಗಿಸಿ ಕೊಡಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಗರಿಕೆ, ಕೊತ್ತಂಬರಿ ಬಾಯಿಗೆ ಎಟುಕುವಷ್ಟು ಹತ್ತಿರ ಇಡಿ. ದಿನಾ ಹಿಕ್ಕೆ ಎಣಿಸಿ. ನಗಬೇಡಿ, ಹಿಕ್ಕೆ ಕಡಿಮೆಯಾದರೆ ರಾತ್ರಿಯಾಗಿದ್ದರೂ ಡಾಕ್ಟರ ಹತ್ತಿರ ಓಡಬೇಕು.

ಪಂಜರದ ಸುತ್ತ ಹಳೆ ಕೌದಿ ಸುತ್ತಿ ಒತ್ತಾಗಿ ಇಟ್ಟರೆ ಉರುಳುವುದು ಕಡಿಮೆ. ಕೆಳಗಡೆ ಬರುವ ಕಣ್ಣು ನೆಲಕ್ಕೆ ಉಜ್ಜಿ ಹುಣ್ಣಾಗುತ್ತದೆ, ಅದಕ್ಕೂ ಹನಿ ಕೇಳಿ.

*

ಮೇಲಿನವರು ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ. ನಡುಕಿವಿಯಲ್ಲಷ್ಟೇ ಸೋಂಕಿದ್ದರೆ ಎಷ್ಟೋ ಮೊಲಗಳು ತೋರಿಸಿಕೊಳ್ಳುವುದೇ ಇಲ್ಲ. ತಲೆ ವಾಲಿತು ಅಂದರೆ ಒಳಗಿವಿಗೂ ಇಳಿದಿರಬೇಕು, ಇಲ್ಲವೇ ಕಾರಣವೇ ಬೇರೆ. ಎನ್ಸೆಫಾಲಿಟೊಜೂನ್ ಎಂಬ ಪರಾವಲಂಬಿ ಮಿದುಳು, ಮೂತ್ರಪಿಂಡದಲ್ಲಿ ಸೇರಿಕೊಂಡರೂ ಹೀಗೇ ವಾಲುತ್ತದೆ. ಅದಕ್ಕೆ ಸಾಮಾನ್ಯವಾಗಿ 28 ದಿನ ಫೆನ್‌ಬೆಂಡಜೋಲ್ ಎಂಬ ಜಂತಿನ ಔಷಧಿ ಕೊಡುತ್ತಾರೆ. ನಮ್ಮ ಮೊಲಕ್ಕೆ ಕಿವಿ ಸೋಂಕಿನ ಔಷಧಿ, ಇದು ಎರಡನ್ನೂ ಒಟ್ಟಿಗೇ ಕೊಟ್ಟರು, ಯಾವುದರಿಂದ ವಾಸಿಯಾಯಿತೋ ದೇವರಿಗೇ ಗೊತ್ತು. ತಲೆಬುರುಡೆಯ ಎಕ್ಸ್‌-ರೇ ಆದರೂ ಮಾಡಿಸಿ. ಸಿ.ಟಿ. ಸ್ಕ್ಯಾನ್‌ನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಎಲ್ಲ ಊರಲ್ಲೂ ಪ್ರಾಣಿಗಳಿಗೆ ಮಾಡುವುದಿಲ್ಲ ಅನ್ನುವುದೇ ಗೋಳು.

*

ನಾವು ಮೊಲ ಸಾಕಣೆಯವರು. ಕಿವಿಯೊಳಗೆ ಕಂದು ಹೊಪ್ಪಳೆ ಇದ್ದರೆ ಅದು ನುಸಿ, ಐವರ್‌ಮೆಕ್ಟಿನ್‌ಗೆ ಹೋಗುತ್ತದೆ. ಹೊಪ್ಪಳೆ ಕೀಳಬೇಡಿ, ತುಂಬಾ ನೋವು, ತಾನೇ ಉದುರುತ್ತದೆ. ನಾಯಿಗೆ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಮಾತ್ರ ಮೊಲಕ್ಕೆ ಮುಟ್ಟಿಸಲೇಬೇಡಿ, ವಿಷ.

*

ಎಲ್ಲರಿಗೂ ಥ್ಯಾಂಕ್ಸ್. ಚೀಟಿ ನೋಡಿದೆ, ಎನ್ರೋಫ್ಲಾಕ್ಸಸಿನ್ ಅಂತಲೇ ಇದೆ. ನಾಳೆ ಎಕ್ಸ್‌-ರೇಗೆ ಹೊರಟಿದ್ದೇವೆ. ಅಮ್ಮ ಎಣ್ಣೆಯ ಮಾತು ಕೈಬಿಟ್ಟು ಈಗ ಹಿಕ್ಕೆ ಎಣಿಸುತ್ತಾ ಕೂತಿದ್ದಾರೆ. ಬೆಳಗ್ಗೆಯಿಂದ 41.