ನಾಸ್‌ನಿಂದ ಎರಡನೇ ಡಿಸ್ಕ್ ಆಗಾಗ ಮಾಯ, ಯಾಕೆ?

ಮಂಡ್ಯದಲ್ಲಿ ಮದುವೆ ಫೋಟೋ, ವಿಡಿಯೋ ಮಾಡುತ್ತೇನೆ. ಮನೆಯಲ್ಲಿ ಎರಡು ಡಿಸ್ಕ್‌ನ ನಾಸ್ (ನೆಟ್‌ವರ್ಕ್ ಮೂಲಕ ಫೈಲ್ ಇಡುವ ಪೆಟ್ಟಿಗೆ) ಇದೆ. ತಲಾ 4 ಟಿಬಿ, ರೇಡ್ 1, ಅಂದರೆ ಎರಡರಲ್ಲೂ ಅದೇ ಫೈಲ್‌ಗಳ ನಕಲು. ಎರಡನೇ ಡಿಸ್ಕ್ ಇದ್ದಕ್ಕಿದ್ದ ಹಾಗೆ ಪಟ್ಟಿಯಿಂದಲೇ ಕಾಣೆಯಾಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ವಾಪಸ್ ಬರುತ್ತದೆ. ರೀಬಿಲ್ಡ್ (ಮೊದಲ ಡಿಸ್ಕ್‌ನಿಂದ ಮತ್ತೆ ನಕಲು ಮಾಡುವುದು) ಶುರುವಾದರೆ ಅರ್ಧದಲ್ಲೇ ಮತ್ತೆ ನಾಪತ್ತೆ. ಮಾಯವಾಗುವ ಮುಂಚೆ ಟಕ್ ಅಂತ ಸದ್ದು, ತಿರುಗುವುದು ನಿಂತು ಮತ್ತೆ ಎದ್ದ ಹಾಗೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5, 197 (ಕೆಟ್ಟ ಜಾಗಗಳ ಲೆಕ್ಕ) ಎರಡೂ ಸೊನ್ನೆ. ಅಂಗಡಿಯವರು ನೋಡದೇ ‘ಡಿಸ್ಕ್ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಸುಮ್ನೆ ದುಡ್ಡು ಸುರಿಯಬೇಕಾ?

ಉತ್ತರ 1
ಮೊದಲು ಫೈಲ್‌ಗಳನ್ನೆಲ್ಲಾ ಬೇರೆ ಕಡೆ ಕಾಪಿ ಮಾಡಿ ಸರ್. ಆಮೇಲೆ ಸ್ಮಾರ್ಟ್‌ನಲ್ಲಿ 199 (ಡೇಟಾ ಸಾಗುವಾಗಿನ ದೋಷಗಳ ಲೆಕ್ಕ) ನೋಡಿ. ಅದು ಏರುತ್ತಿದ್ದರೆ ಕೇಬಲ್ ಅಥವಾ ಕನೆಕ್ಟರ್ ತಂಟೆ.

ಉತ್ತರ 2
ಟಕ್ ಸದ್ದು ಅಂದರೆ ನನಗೆ ಅಡಾಪ್ಟರ್ ಮೇಲೇ ಅನುಮಾನ. 3.5 ಇಂಚಿನ ಡಿಸ್ಕ್‌ನ ಮೋಟಾರ್‌ಗೆ 12 ವೋಲ್ಟ್ ಬೇಕು. ತಿರುಗಲು ಶುರುವಾಗುವಾಗ ಒಂದೊಂದೂ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ಹಳೇ ಅಡಾಪ್ಟರ್ ಖಾಲಿ ಇದ್ದಾಗ ಮೀಟರ್‌ನಲ್ಲಿ ಚೆನ್ನಾಗೇ 12 ತೋರಿಸುತ್ತದೆ, ಲೋಡ್ ಬಿದ್ದಾಗ ಕುಸಿಯುತ್ತದೆ. ಒಳಗಿನ ಕೆಪಾಸಿಟರ್ ಸೊರಗಿದರೆ ಹೀಗೇ. ರೀಬಿಲ್ಡ್‌ನಲ್ಲೇ ಬೀಳುತ್ತಿದೆ ಅಂದಿರಿ, ಡಿಸ್ಕ್ ಎಸ್‌ಎಂಆರ್ (ಸಾಲುಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ತುಸು ಹೊದಿಸಿ ಬರೆಯುವ) ಮಾದರಿಯದಾ ಅಂತಲೂ ನೋಡಿ. ಅವು ಒಂದೇ ಸಮ ಬರೆಯುವಾಗ ತೀರಾ ನಿಧಾನವಾಗುತ್ತವೆ, ಕಾದು ಸಾಕಾಗಿ ನಾಸ್ ಅದನ್ನು ಹೊರಗೆ ಹಾಕುತ್ತದೆ. ಆದರೆ ಅದಕ್ಕೆ ಸದ್ದು ಬರಲ್ಲ.

ಪ್ರಶ್ನೆ ಕೇಳಿದವರು
199 ಕೂಡ ಸೊನ್ನೆ. ಡಿಸ್ಕ್ ಎಸ್‌ಎಂಆರ್ ಅಲ್ಲ. ಅಡಾಪ್ಟರ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ, ಅಂಚು ಸ್ವಲ್ಪ ಉಬ್ಬಿದೆ ಕೂಡ! ನಾಳೆ ಮೈಸೂರಿಗೆ ಹೋಗುವುದಿದೆ, ಅಲ್ಲೇ ತರುತ್ತೇನೆ. ಹಳೆಯದರ ಮೇಲೆ 12 ವೋಲ್ಟ್ 5 ಆಂಪಿಯರ್ ಅಂತಿದೆ. 6 ಆಂಪಿಯರ್‌ದು ಸಿಕ್ಕರೂ ನಡೆಯುತ್ತೆ ಅಲ್ವಾ?

ಉತ್ತರ 2
ಧಾರಾಳವಾಗಿ. ವೋಲ್ಟ್ ಮಾತ್ರ ಬದಲಾಗಬಾರದು. ಪಿನ್ ಅಳತೆ ನೋಡಲು ಹಳೆಯದನ್ನೂ ಜೊತೆಗೆ ಒಯ್ಯಿರಿ.