.22 ಸೆಮಿ ಆಟೋಮ್ಯಾಟಿಕ್ ರೈಫಲ್: ಖಾಲಿ ಕೇಸ್ ಸಿಕ್ಕಿಕೊಳ್ಳುತ್ತಿದೆ, ಯಾವ ಪಾರ್ಟ್ ಬದಲಿಸಲಿ?

ಪ್ರಶ್ನೆ:
ನನ್ನದು .22 ಎಲ್‌ಆರ್ ಬ್ಲೋಬ್ಯಾಕ್ ರೈಫಲ್, ಗುರಿ ಅಭ್ಯಾಸಕ್ಕೆ ಮಾತ್ರ. ಎರಡು ತಿಂಗಳಿಂದ ಹತ್ತು ಗುಂಡಿಗೆ ಒಂದೆರಡು ಸಲ ಖಾಲಿ ಕೇಸ್ (ಹೊಡೆದ ಗುಂಡಿನ ಕವಚ) ಹೊರಗೆ ಹಾರದೆ ಬೋಲ್ಟ್‌ಗೆ (ಹಿಂದೆ ಮುಂದೆ ಜಾರುವ ಭಾಗ) ಸಿಕ್ಕಿ ನೆಟ್ಟಗೆ ನಿಲ್ಲುತ್ತದೆ. ಹೊಸ ಎಕ್ಸ್‌ಟ್ರಾಕ್ಟರ್ (ಕೇಸನ್ನು ಹಿಡಿದು ಎಳೆಯುವ ಕೊಕ್ಕೆ), ಗಟ್ಟಿ ರಿಕಾಯಿಲ್ ಸ್ಪ್ರಿಂಗ್ (ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳುವುದು), ಹಗುರ ಟ್ರಿಗರ್, ದಪ್ಪ ಬ್ಯಾರೆಲ್ ಎಲ್ಲ ಒಟ್ಟಿಗೆ ತರಿಸೋಣ ಅಂತಿದ್ದೇನೆ. ಸರಿನಾ?

ಉತ್ತರ:
ಸ್ವಲ್ಪ ತಡೆಯಿರಿ ಸರ್. ನಾಲ್ಕೂ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ.

ಗಟ್ಟಿ ಸ್ಪ್ರಿಂಗ್ ಅಂತೂ ಬೇಡವೇ ಬೇಡ. ಬ್ಲೋಬ್ಯಾಕ್‌ನಲ್ಲಿ ಖಾಲಿ ಕೇಸೇ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಕೇಸನ್ನು ಹೊರಗೆ ಹಾರಿಸುವ ಎಜೆಕ್ಟರ್‌ಗೆ ಅದು ಜೋರಾಗಿ ತಗಲುವುದಿಲ್ಲ. ಈಗಿನ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ.

ಯಾವ ಗುಂಡು ಹಾಕುತ್ತೀರಿ? ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿನ ವೇಗ ಸೆಕೆಂಡಿಗೆ ಸುಮಾರು 1070 ಅಡಿ. ಹೈ ವೆಲಾಸಿಟಿ 1200 ದಾಟುತ್ತದೆ. ಕೆಲವು ರೈಫಲ್‌ಗಳಲ್ಲಿ ಮೊದಲನೆಯದಕ್ಕೆ ಬೋಲ್ಟ್ ತಳ್ಳುವಷ್ಟು ಶಕ್ತಿ ಸಾಲದು.

ಚೇಂಬರ್ (ಬ್ಯಾರೆಲ್ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಕಡೆಯ ಸಲ ಯಾವಾಗ ತೊಳೆದಿರಿ? .22 ಗುಂಡಿನ ಮೇಲೆ ಮೇಣದಂಥ ಲೂಬ್ರಿಕೆಂಟ್ ಇರುತ್ತದೆ. ಅದು, ಸೀಸ, ಮಸಿ ಮೂರೂ ಸೇರಿ ಚೇಂಬರ್ ಒಳಗೆ ಗಟ್ಟಿ ಉಂಗುರದ ಹಾಗೆ ಕೂರುತ್ತದೆ. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿಕೊಳ್ಳಿ. ಆಮೇಲೆ ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು ಹಿತ್ತಾಳೆ ಬ್ರಷ್ ಆಡಿಸಿ. ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೂ ಮಸಿ ಸೇರಿರುತ್ತದೆ. ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ.

ಚೇಂಬರ್ ಬಾಯಿಯ ಅಂಚಿನಲ್ಲಿ, ಫೈರಿಂಗ್ ಪಿನ್ ಬಡಿಯುವ ಕಡೆ, ಸಣ್ಣ ಗಂಟು ಕಾಣುತ್ತಾ ನೋಡಿ. ಗುಂಡಿಲ್ಲದೆ ಸುಮ್ನೆ ಟ್ರಿಗರ್ ಒತ್ತುವ ಅಭ್ಯಾಸ ಇದ್ದರೆ ಕೆಲವು ರೈಫಲ್‌ಗಳಲ್ಲಿ ಹಾಗಾಗುತ್ತದೆ. ಕೇಸ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದನ್ನು ಸರಿಮಾಡುವುದು ಗನ್‌ಸ್ಮಿತ್ ಕೆಲಸ, ನೀವು ಅರ ಹಿಡಿಯಬೇಡಿ.

ಮ್ಯಾಗಜಿನ್‌ಗಳಿಗೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಪ್ರತಿ ಸಲ ಸಿಕ್ಕಿಕೊಂಡಾಗಲೂ ಯಾವ ನಂಬರ್ ಅಂತ ಗುರುತು ಹಾಕಿ, ತೊಂದರೆ ಒಂದೇ ಮ್ಯಾಗಜಿನ್‌ನದಾ ಅಂತ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ತೊಳೆದೆ ಸರ್. ಬಟ್ಟೆ ಕರಿ ಕರಿ ಬಂತು, ಜೊತೆಗೆ ಸೀಸದ ಚೂರುಗಳು! ಅಂಚಿನಲ್ಲಿ ಗಂಟು ಇಲ್ಲ. ಹೈ ವೆಲಾಸಿಟಿಯಲ್ಲಿ 100 ಗುಂಡು ಹೊಡೆದೆ. ಮೂರು ಸಲ ಸಿಕ್ಕಿತು, ಎರಡು ಮ್ಯಾಗಜಿನ್‌ನಲ್ಲೂ. ಕೊಕ್ಕೆಯ ತುದಿ ಸವೆದು ದುಂಡಗೆ ಕಾಣುತ್ತಿದೆ.

ಉತ್ತರ:
ಹಾಗಾದರೆ ಈಗ ಎಕ್ಸ್‌ಟ್ರಾಕ್ಟರ್ ತರಿಸಿ, ಜೊತೆಗೆ ಅದರ ಸ್ಪ್ರಿಂಗ್ ಮತ್ತು ಪ್ಲಂಜರ್ (ಸ್ಪ್ರಿಂಗ್ ಜೊತೆ ಕೂರುವ ಪುಟ್ಟ ಕಡ್ಡಿ). ನಿಮ್ಮ ಮಾಡೆಲ್‌ಗೇ ಮಾಡಿದ್ದಾಗಿರಲಿ. 1964ರಿಂದ ಬರುತ್ತಿರುವ ರೂಗರ್ 10/22 ರೈಫಲ್‌ಗೆ ಬೇರೆ ಕಂಪನಿಗಳ ಪಾರ್ಟ್‌ಗಳು ರಾಶಿ ಸಿಗುತ್ತವೆ. ಎಲ್ಲ ಮಾಡೆಲ್‌ಗೂ ಆ ಭಾಗ್ಯ ಇಲ್ಲ. ಆ ಪುಟ್ಟ ಸ್ಪ್ರಿಂಗ್ ಟಣ್ ಅಂತ ಹಾರಿಹೋಗುತ್ತದೆ. ಬೋಲ್ಟನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ಬಿಚ್ಚಿ.

ಟ್ರಿಗರ್ ವಿಷಯ ಕೊನೆಗೆ. ಬೇಕೇ ಬೇಕು ಅಂದರೆ ಜೋಡಿಸಿ ಪರೀಕ್ಷಿಸಿದ ಪೂರ್ತಿ ಟ್ರಿಗರ್ ಗ್ರೂಪ್ ತಗೊಳ್ಳಿ. ಸಿಯರ್ (ಟ್ರಿಗರ್ ಒತ್ತುವವರೆಗೆ ಹ್ಯಾಮರನ್ನು ತಡೆಹಿಡಿಯುವ ಭಾಗ) ಉಜ್ಜಿ ಹಗುರ ಮಾಡಲು ಹೋದರೆ ಒಂದು ಸಲ ಒತ್ತಿದ್ದಕ್ಕೆ ಎರಡು ಗುಂಡು ಹಾರಬಹುದು. ಅದು ಅಪಾಯ, ಕಾನೂನಿನ ತೊಡಕೂ ಹೌದು. ಬ್ಯಾರೆಲ್ ಬದಲಿಸುವ ಮೊದಲೂ ನಿಮ್ಮ ಲೈಸೆನ್ಸ್‌ನಲ್ಲಿ ಅದಕ್ಕೆ ಅವಕಾಶ ಇದೆಯಾ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು:
ಹಾಕಿದೆ ಸರ್. ಚೀಲದ ಉಪಾಯ ಉಳಿಸಿತು, ಸ್ಪ್ರಿಂಗ್ ಎರಡು ಸಲ ಅದರೊಳಗೇ ಹಾರಿತು. 200 ಗುಂಡು ಆಯಿತು, ಒಂದೂ ಸಿಕ್ಕಿಲ್ಲ. ಹಳೇ ರಿಕಾಯಿಲ್ ಸ್ಪ್ರಿಂಗೇ ಇದೆ. ಬ್ಯಾರೆಲ್ ಈಗ ಬೇಡ ಅನ್ನಿಸುತ್ತಿದೆ.