ಹಳೇ ಯೆಜ್ಡಿ ಬೈಕ್ ಕೊಳ್ಳಬೇಕು ಅಂತಿದ್ದೇನೆ, ಇಟ್ಟುಕೊಂಡವರು ಖರ್ಚು ಹೇಳಿ

ಯಾದಗಿರಿಯಿಂದ, ಪ್ರಶ್ನೆ

ನಮಸ್ಕಾರ. ನನಗೆ 29 ವರ್ಷ, ಖಾಸಗಿ ಕೆಲಸ, ತಿಂಗಳಿಗೆ 31 ಸಾವಿರ ಕೈಗೆ ಬರುತ್ತದೆ. ದಿನದ ಓಡಾಟಕ್ಕೆ ಸ್ಕೂಟಿ ಇದೆ. ಶಹಾಬಾದಿನಲ್ಲಿ ಒಬ್ಬರು 1992ರ ಯೆಜ್ಡಿ ರೋಡ್‌ಕಿಂಗ್ ಮಾರಲು ಇಟ್ಟಿದ್ದಾರೆ. ಕೆಎ 32 ನಂಬರ್, ಮೊದಲಿನಿಂದ ಒಬ್ಬರದೇ ಕೈ. 55 ಸಾವಿರ ಹೇಳುತ್ತಿದ್ದಾರೆ. ಸ್ಟಾರ್ಟ್ ಆಗುತ್ತದೆ, ಹೊಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಆರ್‌ಸಿ ಮುಗಿದು ಮೂರು ವರ್ಷ ಆಗಿದೆ. ಕೊಂಡ ಮೇಲೆ ಇನ್ನೆಷ್ಟು ಸುರಿಯಬೇಕು? ವರ್ಷಕ್ಕೆ ಎಷ್ಟು ಬೀಳುತ್ತದೆ? ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಕಿಟ್), ಡಿಸ್ಕ್ ಬ್ರೇಕ್ ಹಾಕಿಸಬಹುದಾ? ಹೊಸ ಯೆಜ್ಡಿ ಶೋರೂಮಿನಲ್ಲಿ ಇದರ ಸಾಮಾನು ಸಿಗುತ್ತದಾ? ಮನೆಯಲ್ಲಿ "ಗುಜರಿಗ್ಯಾಕ ರೊಕ್ಕ ಹಾಕ್ತಿ" ಅಂತ ಆಗಲೇ ಶುರುವಾಗಿದೆ.

ಕಲಬುರಗಿಯಿಂದ, ರೋಡ್‌ಕಿಂಗ್, 11 ವರ್ಷ

ತಮ್ಮಾ, ನಾನು ಬ್ಯಾಂಕಿನವನು. ಬರೆದಿಡುವುದು ಚಟ. ಈ ಗಾಡಿಗೆಂದೇ 100 ಪುಟದ ಒಂದು ನೋಟ್‌ಬುಕ್ ಇದೆ. ಅದನ್ನೇ ಮುಂದಿಟ್ಟುಕೊಂಡು ಹೇಳುತ್ತಿದ್ದೇನೆ.

2014ರಲ್ಲಿ 28 ಸಾವಿರಕ್ಕೆ ತಂದೆ. ಮೊದಲ ಮೂರು ತಿಂಗಳ ಪುಟ ಹೀಗಿದೆ. ಕ್ರ್ಯಾಂಕ್ (ಇಂಜಿನ್ ಒಳಗೆ ತಿರುಗುವ ದಂಡ) ಬಿಚ್ಚಿ ರಾಡ್ ಕಿಟ್, ಬೇರಿಂಗ್, ಸೀಲು, 7,200. ಸಿಲಿಂಡರ್ ಬೋರ್ ಹೊಡೆಸಿ ಹೊಸ ಪಿಸ್ಟನ್, 3,400. ಕ್ಲಚ್ ಪ್ಲೇಟು ಮತ್ತು ಪ್ರೈಮರಿ ಚೈನು, 2,100. ಟೈರು ಟ್ಯೂಬು, 3,600. ಬ್ಯಾಟರಿ, ವೈರಿಂಗ್, 2,300. ಕೇಬಲ್‌ಗಳು 900, ಬ್ರೇಕ್ ಶೂ 700. ಮೆಕ್ಯಾನಿಕ್ ಉಸ್ತಾದನ ಕೂಲಿ 5,000. ಕೂಡಿಸಿದರೆ 25,200. ಅಂದರೆ ಗಾಡಿಯ ರೇಟಿನಷ್ಟೇ ಇನ್ನೊಂದು ಸಲ. ಅದೂ ಆಗಿನ ದರದಲ್ಲಿ. ಹಾಗಾಗಿ 55 ಸಾವಿರ ಇದೆಯಾ ಅಂತ ಕೇಳಿಕೊಳ್ಳಬೇಡ. ಅದರ ಮೇಲೆ ಇನ್ನೊಂದು 40-45 ಸಾವಿರ ಇದೆಯಾ ಅಂತ ಕೇಳಿಕೋ. ಇಲ್ಲದಿದ್ದರೆ ಗಾಡಿ ಬಂದು ಅಂಗಳದಲ್ಲಿ ನಿಲ್ಲುತ್ತದೆ, ಮನೆಯವರ ಮಾತೇ ಖರೆ ಆಗುತ್ತದೆ.

ಇಷ್ಟೆಲ್ಲ ಮಾಡಿಸಿಯೂ ಎರಡನೇ ವರ್ಷ ಪೆಟ್ಟು ತಿಂದೆ. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಹುಮನಾಬಾದ್ ಕಡೆ ಹೊರಟಿದ್ದೆ. ನಮ್ಮ ಬಿಸಿಲು ನಿನಗೆ ಹೇಳಬೇಕಾಗಿಲ್ಲ. ಅದಕ್ಕೂ ಎರಡು ವಾರ ಮೊದಲಿನಿಂದ ಗಾಡಿ ಒಂದು ಸುಳಿವು ಕೊಡುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ರೇಸ್ ತಟ್ಟನೆ ಇಳಿಯುತ್ತಿರಲಿಲ್ಲ. ನಾನು ಕೇಬಲ್ ಬಿಗಿಯಾಗಿದೆ ಅಂದುಕೊಂಡು ಎಣ್ಣೆ ಬಿಟ್ಟು ಸುಮ್ನಾದೆ. ಕಮಲಾಪುರ ದಾಟಿ ನಾಲ್ಕೈದು ಕಿಲೋಮೀಟರ್ ಹೋಗಿದ್ದೆ. ಇಂಜಿನ್ ಸದ್ದು ಸಣ್ಣಗೆ, ತೆಳ್ಳಗೆ ಆಯಿತು. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಯಿತು. ಹಿಂದಿನ ಚಕ್ರ ಕಿರ್ ಅಂತ ಉಜ್ಜಿತು. ಕ್ಲಚ್ ಹಿಡಿಯದಿದ್ದರೆ ಅಲ್ಲೇ ಬೀಳುತ್ತಿದ್ದೆ.

ಕಿಕ್ ಒತ್ತಿದರೆ ಕಲ್ಲಿನ ಹಾಗೆ ನಿಂತಿದೆ. ಬೇವಿನ ಮರದ ಕೆಳಗೆ ತಳ್ಳಿ ನಿಲ್ಲಿಸಿ ಕುಳಿತೆ. ಪಕ್ಕದಲ್ಲೇ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಅಜ್ಜ. ಎರಡು ಹಣ್ಣು ಕೊಟ್ಟು, "ಗಾಡಿ ಆರ್ಲಿ ತಡಿ, ಅದಕ್ಕೂ ಜೀವ ಅದ" ಅಂದ. ಮುಕ್ಕಾಲು ಗಂಟೆಯ ಮೇಲೆ ಕಿಕ್ ಸಡಿಲಾಯಿತು, ಸ್ಟಾರ್ಟೂ ಆಯಿತು. ಆದರೆ ಒಳಗೆ ಟಣ್ ಟಣ್ ಸದ್ದು. ನಾನು ಓಡಿಸಲಿಲ್ಲ. ಟೆಂಪೊಗೆ ಹಾಕಿಕೊಂಡು ಬಂದೆ.

ಉಸ್ತಾದ್ ಬಿಚ್ಚಿ ಪಿಸ್ಟನ್ ನನ್ನ ಅಂಗೈ ಮೇಲೆ ಇಟ್ಟ. ಹೊಗೆ ಹೋಗುವ ಕಡೆಯ ಮೈಯೆಲ್ಲ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೆರೆ. ರಿಂಗು ಪಿಸ್ಟನ್ನಿನ ಸೀಳಿನಲ್ಲೇ ಅಂಟಿಕೊಂಡಿತ್ತು. ಆಮೇಲೆ ಬಲಗಡೆಯ ಕ್ರ್ಯಾಂಕ್ ಸೀಲ್, ಅಂದರೆ ಗಾಳಿ ಒಳಗೆ ನುಗ್ಗದ ಹಾಗೆ ತಡೆಯುವ ರಬ್ಬರ್ ಬಳೆ, ತೆಗೆದು ತೋರಿಸಿದ. ಒಂದೇ ವರ್ಷದ ಸೀಲ್, ತುಟಿ ಪ್ಲಾಸ್ಟಿಕ್ ಬಳೆಯ ಹಾಗೆ ಗಟ್ಟಿಯಾಗಿತ್ತು. ಅಲ್ಲಿಂದ ಗಾಳಿ ಎಳೆದುಕೊಂಡಿದೆ. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಕಡಿಮೆಯಾದ ಹಾಗೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಎಣ್ಣೆ ಬರುವುದೇ ಆ ಪೆಟ್ರೋಲಿನ ಜೊತೆ. ಎರಡೂ ಕಡಿಮೆಯಾಗಿ ಕಾದು ಹಿಡಿದುಬಿಟ್ಟಿದೆ. ರೇಸ್ ಇಳಿಯದಿದ್ದದ್ದು ಇದಕ್ಕೇ. ನಾನು ಚಿಲ್ಲರೆ ಉಳಿಸಲು ಡೂಪ್ಲಿಕೇಟ್ ಸೀಲ್ ತಂದುಕೊಟ್ಟಿದ್ದೆ, 40 ರೂಪಾಯಿಯದು. ಅದರ ಬೆಲೆ 6,800 ಅಂತ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೇನೆ. ಸಾಮಾನಿಗಿಂತ ಕೂಲಿ ದೊಡ್ಡದು ತಮ್ಮಾ, ಅದನ್ನು ಎರಡು ಸಲ ಕೊಡಬೇಕಾಗುತ್ತದೆ.

ಈಗ ಸಾಮಾನಿನ ವಿಷಯ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ನಿಂತಿತು. 2022ರಲ್ಲಿ ಬಂದ ಹೊಸ ಯೆಜ್ಡಿಗೂ ಇದಕ್ಕೂ ಹೆಸರೊಂದೇ ಸಂಬಂಧ. ಅದು ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ 334 ಸಿಸಿ ಇಂಜಿನ್. ನಮ್ಮದು ಟೂ ಸ್ಟ್ರೋಕ್ 250. ಶೋರೂಮಿಗೆ ಹೋಗಿ ಕೇಳಿದರೆ ಹುಡುಗರು ಗಾಡಿ ಜೊತೆ ಫೋಟೊ ತೆಗೆಸಿಕೊಂಡು ಕಳಿಸುತ್ತಾರೆ ಅಷ್ಟೇ. ನಾನು ಸೀಲು, ಬೇರಿಂಗ್ ತರಿಸುವುದು ಮೈಸೂರಿನಿಂದ. ಅವಸರ ಇದ್ದರೆ ಹೈದರಾಬಾದಿನ ರಾಣಿಗಂಜ್. ಬೇರಿಂಗ್ ಮಾತ್ರ ನಂಬರ್ ಹೇಳಿದರೆ ಒಳ್ಳೆಯ ಕಂಪನಿಯದೇ ಕಲಬುರಗಿಯಲ್ಲೂ ಸಿಗುತ್ತದೆ.

ಸಿಡಿಐ ಹಾಕಿಸು. ನಾನು 2019ರಲ್ಲಿ 4,500 ಕೊಟ್ಟು ಹಾಕಿಸಿದೆ. ಕಿಡಿ ಹೊತ್ತಿಸುವ ಹಳೇ ಪಾಯಿಂಟ್ ಉಜ್ಜುತ್ತಾ ಕೂರುವ ಕಾಟ ತಪ್ಪಿತು, ಮಳೆಗಾಲದಲ್ಲೂ ಎರಡನೇ ಕಿಕ್ಕಿಗೆ ಎದ್ದೇಳುತ್ತದೆ. ಹಳೇ ಪಾಯಿಂಟ್ ಪ್ಲೇಟು ಬಿಸಾಡಬೇಡ, ಡಬ್ಬಿಯಲ್ಲಿಡು. ಸಿಡಿಐ ದಾರಿಯಲ್ಲಿ ಸತ್ತರೆ ಯಾವ ಹಳ್ಳಿಯ ಮೆಕ್ಯಾನಿಕ್ಕೂ ಏನೂ ಮಾಡಲಾರ. ಡಿಸ್ಕ್ ಬ್ರೇಕ್ ಬೇಡ. ಮುಂದಿನ ಫೋರ್ಕನ್ನೇ ಬದಲಿಸಬೇಕು, ಕಂಪನಿ ಕೊಟ್ಟದ್ದನ್ನು ಹಾಗೆ ಬದಲಿಸಲು ಕಾನೂನೂ ಒಪ್ಪುವುದಿಲ್ಲ. ಡ್ರಮ್ಮನ್ನು ಲೇಥಿನಲ್ಲಿ ಸವರಿಸಿ ಒಳ್ಳೆಯ ಶೂ ಹಾಕು, 60ರ ವೇಗಕ್ಕೆ ಧಾರಾಳ ಸಾಕು. ಬಣ್ಣ, ಕ್ರೋಮ್ ಕೊನೆಗೆ. ನಾನು ಅದಕ್ಕೆ 9,000 ಹಾಕಿದೆ. ಮನೆಯಲ್ಲಿ ಆರು ಅಂತ ಹೇಳಿದ್ದೇನೆ.

ಓಡಿಸುವ ಖರ್ಚು ಕೇಳು. ಲೀಟರಿಗೆ 28 ಕಿಲೋಮೀಟರ್ ಬರುತ್ತದೆ. ನಾನು ಲೀಟರ್ ಪೆಟ್ರೋಲಿಗೆ 40 ಮಿಲಿ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕುತ್ತೇನೆ. ಪೆಟ್ರೋಲ್, ಆಯಿಲ್ ಕೂಡಿಸಿ ಕಿಲೋಮೀಟರಿಗೆ ನಾಲ್ಕು ರೂಪಾಯಿಯ ಮೇಲೆ. ಅದು ಬಿಟ್ಟು ವರ್ಷಕ್ಕೆ 8ರಿಂದ 9 ಸಾವಿರ ರಿಪೇರಿ. ನಾನು ಓಡಿಸುವುದು ವರ್ಷಕ್ಕೆ 3,000 ಕಿಲೋಮೀಟರ್ ಅಷ್ಟೇ. ಉಳಿತಾಯ ಅನ್ನುವ ಮಾತೇ ಇಲ್ಲಿಲ್ಲ.

ಬೀದರಿನಿಂದ, ಗ್ಯಾರೇಜ್ ಇಟ್ಟವನು

ಬ್ಯಾಂಕ್ ಸಾಹೇಬ್ರು ಬರಾಬರ್ ಹೇಳಿದ್ದಾರೆ. ಕೊಳ್ಳುವ ಮೊದಲು ನೋಡುವುದು ಹೇಳುತ್ತೇನೆ.

ಹೋದ ಕೂಡಲೇ ಇಂಜಿನ್ ಬ್ಲಾಕ್ ಮುಟ್ಟಿ ನೋಡ್ರಿ. ಬಿಸಿ ಇದ್ದರೆ ನಿಮಗೋಸ್ಕರ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಚಹಾ ಕುಡೀರಿ, ಅರ್ಧ ಗಂಟೆ ಮಾತಾಡ್ರಿ, ತಣ್ಣಗಾದ ಮೇಲೆ ನೀವೇ ಕಿಕ್ ಹೊಡೀರಿ. ನೆನಪಿರಲಿ, ಇದರಲ್ಲಿ ಗೇರ್ ಲಿವರೇ ಕಿಕ್. ಒಳಗೆ ಒತ್ತಿ ಮೇಲೆ ತಿರುಗಿಸಬೇಕು. ಅದು ಸಡಿಲ ಇದ್ದು ಜಾರಿದರೆ ಮೊಣಕಾಲಿಗೆ ಬಡಿಯುತ್ತದೆ.

ಹೊಗೆ ಜಾಸ್ತಿ ಅಂದಿರಿ. ಬಣ್ಣ ಹೇಳಲಿಲ್ಲ. ತೆಳು ನೀಲಿ ಇದ್ದು, ಕಾದ ಮೇಲೆ ಕಡಿಮೆಯಾದರೆ ಚಿಂತೆಯಿಲ್ಲ, ಟೂ ಸ್ಟ್ರೋಕ್ ಅಂದರೆ ಹೊಗೆ ಇದ್ದದ್ದೇ. ದಟ್ಟ ಬಿಳಿ ಹೊಗೆ ನಿಲ್ಲದೇ ಬಂದರೆ ಎಡಗಡೆ ಕ್ಲಚ್ ಕೇಸಿನ ಆಯಿಲ್ ನೋಡ್ರಿ. ಕೆಳಗೆ ಒಂದು ಹನಿ ಸೋರಿಲ್ಲ, ಆದರೂ ಆಯಿಲ್ ಕಡಿಮೆ ಇದೆ ಅಂದರೆ ಎಡಗಡೆ ಸೀಲ್ ಹೋಗಿದೆ. ಇಂಜಿನ್ ಅದನ್ನು ಕುಡೀತಾ ಇದೆ. ಹಾಗಿದ್ದರೆ ಪೂರಾ ಇಂಜಿನ್ ಬಿಚ್ಚುವ ಕೆಲಸ ಅಂತಲೇ ರೇಟು ಮಾತಾಡ್ರಿ. ನಮ್ಮಲ್ಲಿ ಈಗ ಎಲ್ಲ ಸೇರಿ 18ರಿಂದ 22 ಸಾವಿರ.

ಬಲಗಡೆ ಕವರ್ ತೆಗೆಸಿ ಕ್ರ್ಯಾಂಕ್ ತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸ್ರಿ. ಕೈಗೆ ಆಟ ಸಿಕ್ಕರೆ ಬೇರಿಂಗ್ ಸತ್ತಿದೆ. ಇಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ಕೂಡಬೇಕು. ಇಂಜಿನ್ ಬೇರೆ ಇದ್ದರೆ ಎದ್ದು ಬರ್ರಿ.

ಇನ್ನೊಂದು, ಈಗಿನ ಪೆಟ್ರೋಲಿನಲ್ಲಿ ಎಥನಾಲ್ 20 ಪರ್ಸೆಂಟ್ ಇದೆ. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಪೈಪು, ವಾಷರ್ ಎಲ್ಲ ಬದಲಿಸ್ರಿ, ಮುನ್ನೂರು ರೂಪಾಯಿಯ ಮಾತು. ಹದಿನೈದು ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಖಾಲಿ ಮಾಡ್ರಿ.

ಜೇವರ್ಗಿಯಿಂದ, ಬುಲೆಟ್

ನನ್ನ ಮಾತು ಬೇರೆ. ಯೆಜ್ಡಿ ಬಿಡಿ, ಹಳೇ ಕಾಸ್ಟ್ ಐರನ್ (ಬೀಡುಕಬ್ಬಿಣದ ಇಂಜಿನ್) ಬುಲೆಟ್ ನೋಡಿ. ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್, ಒಂದು ವಾರದಲ್ಲಿ ರೂಢಿ ಆಗುತ್ತದೆ. 346 ಸಿಸಿ. ಸಾಮಾನು ಜೇವರ್ಗಿಯಲ್ಲೇ ಸಿಗುತ್ತದೆ, ಮೈಸೂರಿಗೆ ಫೋನ್ ಹಚ್ಚಬೇಕಾಗಿಲ್ಲ. ವರ್ಷಕ್ಕೆ ನನಗೆ ಆರು ಸಾವಿರ ದಾಟಿಲ್ಲ. ನಿಲ್ಲಿಸಿದ ಕಡೆ ಎಣ್ಣೆ ಹನಿ ಬೀಳುತ್ತದೆ, ಅದನ್ನು ನಾನು ರಿಪೇರಿ ಲೆಕ್ಕಕ್ಕೆ ಹಿಡಿದಿಲ್ಲ. ಕೆಳಗೊಂದು ಶಹಾಬಾದ್ ಕಲ್ಲು ಹಾಕಿದ್ದೇನೆ.

ಸುರಪುರದಿಂದ, ಮೊದಲು ಯಮಹಾ ಆರ್‌ಎಕ್ಸ್ 100 ಇತ್ತು

ಬುಲೆಟ್ ಅಣ್ಣಾ, ಒಳ್ಳೆಯ ಕಾಸ್ಟ್ ಐರನ್ 55 ಸಾವಿರಕ್ಕೆ ಈಗ ಎಲ್ಲಿದೆ? ಆರ್‌ಎಕ್ಸ್ ರೇಟಂತೂ ಹುಚ್ಚು ಹಿಡಿದ ಹಾಗೆ ಏರಿದೆ. ನಾನು ಮಾರಿದ ಮೇಲೆ ಏರಿತು, ಅದೇ ಹೊಟ್ಟೆ ಉರಿ. ಯೆಜ್ಡಿಯ ಬಗ್ಗೆ ನನಗೆ ಗೊತ್ತಿಲ್ಲ.

ಕಲಬುರಗಿಯಿಂದ, ವಕೀಲರ ಆಫೀಸಿನಲ್ಲಿ ಕೆಲಸ

ಎಲ್ಲರೂ ಇಂಜಿನ್ ಬಿಚ್ಚಿದಿರಿ, ಕಾಗದ ಯಾರೂ ಬಿಚ್ಚಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಯೆಜ್ಡಿಯನ್ನು ನನ್ನ ಹೆಸರಿಗೆ ಮಾಡಿಸಲು ನಾನು ಆರ್‌ಟಿಒ ಮೆಟ್ಟಿಲು ಹತ್ತಿ ಇಳಿದಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಆ ಮೂರು ವರ್ಷ.

15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. 20 ವರ್ಷ ಮೀರಿದ ಬೈಕಿಗೆ 2025ರ ಆಗಸ್ಟ್‌ನಿಂದ ಶುಲ್ಕ 2,000. ನಮ್ಮ ರಾಜ್ಯದ ಹಸಿರು ತೆರಿಗೆ 250. ಇವು ಸಣ್ಣವು. ತಡ ಮಾಡಿದ್ದಕ್ಕೆ ನಿಯಮದ ಪ್ರಕಾರ ತಿಂಗಳಿಗೆ 300. ಮೂರು ವರ್ಷ ಅಂದರೆ 36 ತಿಂಗಳು, 10,800. ಇದನ್ನು ಮಾರುವವರೇ ಕಟ್ಟಿ, ಅವರ ಹೆಸರಿನಲ್ಲೇ ನವೀಕರಿಸಿ ಕೊಡಲಿ. ಇಲ್ಲದಿದ್ದರೆ ಅಷ್ಟು ರೇಟಿನಲ್ಲಿ ಇಳಿಸಲಿ. ಗಾಡಿಯನ್ನು ತಪಾಸಣೆಗೆ ಒಯ್ಯಬೇಕು, ಹಾರ್ನು, ಲೈಟು, ಬ್ರೇಕ್ ಸರಿ ಇರಲಿ. ವರ್ಗಾವಣೆಗೆ ಫಾರಂ 29 ಮತ್ತು 30. ಖಾಲಿ ಫಾರಂ ಮೇಲೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳುವ ಪದ್ಧತಿ ಬೇಡ. ಆರ್‌ಸಿಯಲ್ಲಿರುವ ವ್ಯಕ್ತಿ ಬದುಕಿದ್ದಾರಾ ಅಂತಲೂ ಕೇಳಿ. ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಆಗಬೇಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್ 250 ಸಿಸಿಗೆ 1,366, ಜಿಎಸ್‌ಟಿ ಸೇರಿ 1,612. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಇಲ್ಲದಿದ್ದರೆ ಅದರ ಖರ್ಚೂ ಇದೆ.

ವಿಂಟೇಜ್ ನೋಂದಣಿ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು 50 ವರ್ಷ ದಾಟಿದ ಗಾಡಿಗೆ. ಶುಲ್ಕ 20 ಸಾವಿರ, ದಿನಬಳಕೆಗೆ ಓಡಿಸುವ ಹಾಗೂ ಇಲ್ಲ.

ಯಾದಗಿರಿಯಿಂದ, ಮತ್ತೆ

ಭಾನುವಾರ ಶಹಾಬಾದಿಗೆ ಹೋಗಿ ಬಂದೆ. ಬ್ಲಾಕ್ ಮುಟ್ಟಿದೆ, ಬಿಸಿ ಇತ್ತು! ಚಹಾ ಕುಡಿದು ಕಾಯ್ದೆ. ಮಾಲೀಕರು ಹಿರಿಯರು, ಮೊದಲು ಕಲ್ಲಿನ ಖಣಿಯಲ್ಲಿ ಸೂಪರ್‌ವೈಸರ್ ಆಗಿದ್ದವರು. ನಾನು ಕ್ಲಚ್ ಕೇಸಿನ ಬೋಲ್ಟ್ ಬಿಚ್ಚಲು ಕೇಳಿದಾಗ ನಕ್ಕು, "ಯಾರೋ ಕಲಿಸಿ ಕಳಿಸ್ಯಾರ ನಿನಗ" ಅಂದರು. ಆಯಿಲ್ ಕಡಿಮೆ ಇತ್ತು. ಹೊಗೆ ಬಿಳಿ. ಕ್ರ್ಯಾಂಕಿನಲ್ಲಿ ಆಟ ಸಿಗಲಿಲ್ಲ. ನಂಬರ್ ಎರಡೂ ಕೂಡಿದವು.

36 ತಿಂಗಳ ಲೆಕ್ಕ ಚೀಟಿಯಲ್ಲಿ ಬರೆದು ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲ. ಕೊನೆಗೆ 36 ಸಾವಿರಕ್ಕೆ ಒಪ್ಪಿದರು. ನವೀಕರಣಕ್ಕೆ ಅವರೇ ಬಂದು ಸಹಿ ಹಾಕುತ್ತಾರೆ, ದುಡ್ಡು ನಾನು ಕಟ್ಟಬೇಕು. ಎರಡು ಸಾವಿರ ಮುಂಗಡ ಕೊಟ್ಟಿದ್ದೇನೆ. ಇಂಜಿನ್ ಕೆಲಸಕ್ಕೆ 25 ತೆಗೆದಿಟ್ಟು, ಉಳಿದದ್ದಕ್ಕೆ ಯುಗಾದಿವರೆಗೆ ಕಾಯುತ್ತೇನೆ.

ಒಂದು ಅನುಮಾನ ಉಳಿದಿದೆ. ಎರಡು ಸೈಲೆನ್ಸರಿನಲ್ಲಿ ಬಲಗಡೆಯಿಂದ ಹೊಗೆ ಜೋರಾಗಿ ಬರುತ್ತದೆ, ಎಡಗಡೆ ಕೈ ಹಿಡಿದರೂ ಗಾಳಿ ತಾಗುವುದಿಲ್ಲ. ಇದು ಇಂಜಿನ್ ತೊಂದರೆಯಾ?

ಬೀದರಿನಿಂದ, ಗ್ಯಾರೇಜ್ ಇಟ್ಟವನು

ಅಲ್ಲ. ಎಡಗಡೆದು ಕಾರ್ಬನ್ ಕಟ್ಟಿದೆ. ಸೈಲೆನ್ಸರ್ ಇಳಿಸಿ ಒಂದು ಕಡೆಯ ಬಾಯಿ ಮುಚ್ಚಿ, ಕಾಸ್ಟಿಕ್ ಸೋಡಾ ನೀರು ತುಂಬಿ ಒಂದು ರಾತ್ರಿ ಇಡಬೇಕು. ಅಲ್ಯೂಮಿನಿಯಂ ಮೇಲೂ ಕೈ ಮೇಲೂ ಬೀಳಬಾರದು, ಮಕ್ಕಳಿರುವ ಮನೆಯಲ್ಲಿ ಮಾಡಬೇಡ್ರಿ, ಗ್ಯಾರೇಜಿಗೆ ಕೊಡ್ರಿ. ಬೆಳಿಗ್ಗೆ ಕರೀ ನೀರು ಬರುತ್ತದೆ. 200 ರೂಪಾಯಿ. ಮುಂಗಡ ಕೊಟ್ಟಾಗಿದೆ, ಇದನ್ನು ಹಿಡಿದು ಮತ್ತೆ ರೇಟು ಇಳಿಸಲು ಹೋಗಬೇಡ್ರಿ, ಹಿರಿಯರು ಬೇಜಾರಾಗ್ತಾರೆ.